ಐದು ವರ್ಷ ಬಳಸಿದ ಮೇಲೆ ನಮ್ಮನೆ ಬೀಡಿನ ಕಾವಲಿ ಬಗ್ಗೆ

2020ರ ಲಾಕ್‌ಡೌನ್ ಟೈಮಲ್ಲಿ ಆನ್‌ಲೈನಲ್ಲಿ ತರಿಸಿದ್ದು, 12 ಇಂಚಿನ ಬೀಡಿನ (ಎರಕದ ಕಬ್ಬಿಣ, ಕಾಸ್ಟ್ ಐರನ್) ದೋಸೆ ಕಾವಲಿ, ಎರಡು ಕಡೆ ಕಿವಿ, ತೂಕ ಹತ್ತತ್ರ 3 ಕೆಜಿ. ಮೊದಲು ಬಂದ ಪೀಸಿಗೆ ಒಂದು ಕಿವೀನೇ ಮುರಿದಿತ್ತು (ಬೀಡು ಬಗ್ಗಲ್ಲ, ಬಿದ್ರೆ ಒಡೆಯತ್ತೆ, ಪ್ಯಾಕ್ ಮಾಡೋರಿಗೆ ಅಷ್ಟು ಗೊತ್ತಿರಬೇಕಲ್ವಾ), ವಾಪಸ್ ಕಳಿಸಿ ಬೇರೇದು ಬರೋಕೆ ಎರಡು ವಾರ ಹಿಡೀತು.

ಡಬ್ಬದ ಮೇಲೆ ಪಳಗಿಸಿಯೇ (ಹಿಟ್ಟು ಅಂಟದ ಹಾಗೆ ಎಣ್ಣೆ ಸವರಿ ಕಾಯಿಸಿ) ಕೊಟ್ಟಿದೀವಿ, ತೊಳೆದು ನೇರ ಬಳಸಿ ಅಂತ ಇತ್ತು. ನಂಬಬೇಡಿ. ನಾನು ನಂಬಿ ಮೊದಲ ದಿನಾನೇ ನೀರ್ ದೋಸೆ ಹೊಯ್ದೆ, ಒಂದೂ ಏಳ್ಲಿಲ್ಲ, ಕೆರೆದು ಕೆರೆದು ಉಪ್ಪಿಟ್ಟಿನ ಥರ ಆಯ್ತು, ಮಕ್ಕಳು ಅದಕ್ಕೇ ಕಾಯಿ ಬೆಲ್ಲ ಕಲಸ್ಕೊಂಡು ತಿಂದ್ರು ಪಾಪ. ಉಡುಪಿಯಿಂದ ಅಮ್ಮ ಫೋನಲ್ಲಿ ನಕ್ಕಿದ್ದೇ ನಕ್ಕಿದ್ದು, "ಹೊಸ ಕಾವಲಿಗೆ ಯಾರಾದ್ರೂ ನೀರ್ ದೋಸೆ ಹೊಯ್ತಾರಾ ಮಾರಾಯ್ತಿ, ಮೊದಲು ಒಂದು ವಾರ ಈರುಳ್ಳಿ ಹುರಿ, ಆಮೇಲೆ ದಪ್ಪಕ್ಕೆ ಉದ್ದಿನ ದೋಸೆ ಮಾಡು" ಅಂದ್ರು. ಹಾಗೇ ಮಾಡಿದೆ. ಎಣ್ಣೆ ಸವರೋಕೆ ಬ್ರಷ್ ಬೇಡ, ಬದನೆಕಾಯಿ ತೊಟ್ಟು ಇಲ್ಲಾ ಅರ್ಧ ಈರುಳ್ಳಿ ಸಾಕು. ನೀರ್ ದೋಸೆ ಸಲೀಸಾಗಿ ಎದ್ದಿದ್ದು ಮೂರು ತಿಂಗಳಾದ್ಮೇಲೆ.

ಇನ್ನೊಂದು ವಿಷ್ಯ, ಇದು ಬಿಸಿ ಬೇಗ ಬಿಡಲ್ಲ. ನೀರ್ ದೋಸೆಗೆ ಅದೇ ಬೇಕು, ಚೆನ್ನಾಗಿ ಕಾದಿದ್ರೆ ಹೊಯ್ದ ತಕ್ಷಣ ಚುಂಯ್ ಅಂತ ತೂತು ತೂತಾಗತ್ತೆ. ಉದ್ದಿನ ದೋಸೆಗೆ ಅದೇ ಕಾವಿದ್ರೆ ಹಿಟ್ಟು ಹರಡೋಕೇ ಬಿಡಲ್ಲ, ಸೌಟಿಗೆ ಸುತ್ಕೊಂಡು ಬಂದ್ಬಿಡತ್ತೆ, ಪ್ರತಿ ಸಲ ಉರಿ ಸಣ್ಣ ಮಾಡಿ ಎರಡು ಹನಿ ನೀರು ಚಿಮುಕಿಸಿ ಒರೆಸ್ಕೊಂಡೇ ಹೊಯ್ಯಬೇಕು.

ಅಕ್ಕಿ ರೊಟ್ಟಿ ಕಥೆ ಬೇರೆ. ನಮ್ಮತ್ತೆ ಹಾಸನದ ಕಡೆಯವರು, ತಣ್ಣಗಿರೋ ತವಾ ಮೇಲೇ ಹಿಟ್ಟು ತಟ್ಟಿ ಆಮೇಲೆ ಒಲೆ ಮೇಲಿಡೋದು, ಒಂದು ರೊಟ್ಟಿ ಆದ್ಮೇಲೆ ತವಾನ ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡೋದು. ಇದನ್ನೂ ಹಾಗೇ ಸಿಂಕಿಗೆ ಒಯ್ತಿದ್ರು, ನಾನು ಕಿರುಚ್ಕೊಂಡೆ, ಕಾದ ಬೀಡಿಗೆ ತಣ್ಣೀರು ಬಿದ್ರೆ ಸೀಳೋ ಚಾನ್ಸ್ ಇದೆ. ತಾನಾಗೇ ತಣ್ಣಗಾಗಲಿ ಅಂತ ಕೂತ್ರೆ ಮಧ್ಯಾಹ್ನದ ಊಟದ ಹೊತ್ತಾಗತ್ತೆ. ಬಾಳೆ ಎಲೆ ಮೇಲೆ ತಟ್ಟಿ ಕವುಚಿ ಹಾಕಿದ್ರೆ ಆಗತ್ತೆ, ಆದ್ರೆ ಅತ್ತೆಗೆ ಅದು ಒಪ್ಪಿಗೆ ಇಲ್ಲ, ಅವರ ಎರಡು ಹಳೇ ತೆಳು ತವಾನೇ ಈಗ್ಲೂ ಅಕ್ಕಿ ರೊಟ್ಟಿಗೆ. ಅವರ ಲೆಕ್ಕದಲ್ಲಿ ಈ ಕಾವಲಿಗೆ ಒಂದು ಸ್ಟಾರ್.

ಅದೇ ಅತ್ತೆ ಯುಗಾದಿಗೆ ಒಬ್ಬಟ್ಟು ಮಾಡೋವಾಗ ಇದನ್ನೇ ಕೇಳ್ತಾರೆ! ಸಣ್ಣ ಉರೀಲಿ ಎಲ್ಲಾ ಕಡೆ ಒಂದೇ ಥರ ಬೇಯತ್ತೆ, ಅಂಚು ಹಸಿ ಉಳಿಯಲ್ಲ, ಇಪ್ಪತ್ತೈದು ಒಬ್ಬಟ್ಟು ಒಂದೇ ಬಣ್ಣದಲ್ಲಿ ಬರತ್ತೆ. ದೊಡ್ಡ ಬರ್ನರ್ ಮೇಲಿಟ್ಟು ಹತ್ತು ನಿಮಿಷ ನಿಧಾನಕ್ಕೆ ಕಾಯಿಸಬೇಕು ಅಷ್ಟೇ, ಚಿಕ್ಕ ಬರ್ನರಲ್ಲಿ ನಡು ಮಾತ್ರ ಕಾಯತ್ತೆ. ಹೂರಣ ಹೊರಗೆ ಬಂದು ಬೆಲ್ಲ ಸೀದ್ರೆ ಕಲ್ಲುಪ್ಪು ಹಾಕಿ ಉಜ್ಜಿ.

ಎರಡನೇ ವರ್ಷ ನಾನು ಊರಿಗೆ ಹೋದಾಗ ನಮ್ಮನೆಯವರು ಇದರಲ್ಲೇ ಟೊಮ್ಯಾಟೊ ಗೊಜ್ಜು ಮಾಡಿ, ರಾತ್ರಿಯೆಲ್ಲಾ ಸಿಂಕಲ್ಲಿ ನೆನೆಹಾಕಿದ್ರು. ಹುಳಿಗೆ ಕಪ್ಪು ಪದರ ಕಿತ್ತು ಹೋಯ್ತು, ನೀರಿಗೆ ತುಕ್ಕು ಹಿಡೀತು. ಸ್ಟೀಲ್ ನಾರಲ್ಲಿ ಉಜ್ಜಿ, ಒಲೆ ಮೇಲೇ ಪೂರ್ತಿ ಒಣಗಿಸಿ, ಎಣ್ಣೆ ಸವರಿ, ಹೊಗೆ ನಿಲ್ಲೋವರೆಗೂ ಕಾಯಿಸಿದೆ. ಮೊದಲ ಸಲ ಎಣ್ಣೆ ಜಾಸ್ತಿ ಹಾಕಿ ಅಂಟು ಅಂಟಾಯ್ತು, ಸವರಿದ ಎಣ್ಣೇನ ಬಟ್ಟೇಲಿ ಪೂರ್ತಿ ಒರೆಸಿಬಿಡಬೇಕು, ಉಳಿಯೋ ತೆಳು ಪದರಾನೇ ಕಾವಿಗೆ ಗಟ್ಟಿಯಾಗೋದು. ನಾಲ್ಕು ಸಲ ಮಾಡಿದ್ಮೇಲೆ ಮತ್ತೆ ಮೊದಲಿನ ಥರ. ಇದಕ್ಕೂ ಮುಂಚೆ ಇದ್ದ ಎರಡು ನಾನ್‌ಸ್ಟಿಕ್ ಕೋಟಿಂಗ್ ಎದ್ದು ಕಸಕ್ಕೇ ಹೋಗಿದ್ವು.

ತೂಕ ಮಾತ್ರ ನಿಜಕ್ಕೂ ಕಷ್ಟ. ಅತ್ತೆಗೆ ಈಗ ಮಣಿಕಟ್ಟು ನೋವು, ಎತ್ತೋಕಾಗಲ್ಲ, ಅದಕ್ಕೇ ಯಾವಾಗ್ಲೂ ಒಲೆ ಮೇಲೇ ಇರತ್ತೆ, ಇನ್ನೊಂದು ಪಾತ್ರೆ ಇಡಬೇಕಂದ್ರೆ ನನ್ನನ್ನ ಕೂಗ್ತಾರೆ. ಈಗ ತಗೊಳ್ಳೋದಾದ್ರೆ ನಾನು 10 ಇಂಚಿಂದೇ ತಗೊಳ್ತಿದ್ದೆ.