ಡೆಬಿಯನ್ ಸ್ಟೇಬಲ್ ಜೊತೆ ಆರು ವರ್ಷ: ನಂಬರ್ ಹಳೇದು, ತೇಪೆ ಹೊಸದು

ಡೆಬಿಯನ್ ಅಂದರೆ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ; ಅದರಲ್ಲಿ ಚೆನ್ನಾಗಿ ಪರೀಕ್ಷಿಸಿ ಬಿಡುಗಡೆ ಮಾಡಿದ್ದು ಸ್ಟೇಬಲ್. 2019ರ ಕೊನೆಯಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಡೆಬಿಯನ್ 10 ಹಾಕಿದೆ. ಅಲ್ಲಿಂದ 11, 12, ಈಗ 13. ನಡುವೆ ಒಮ್ಮೆಯೂ ಫಾರ್ಮ್ಯಾಟ್ ಮಾಡಿಲ್ಲ. ನನ್ನದು ಕನ್ನಡ ಪುಸ್ತಕಗಳ ಕರಡು ತಿದ್ದುವ ಕೆಲಸ. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಟೈಪಿಂಗ್‌ಗೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ, ಓದಲು ಗುಬ್ಬಿ ಫಾಂಟ್. ಇಷ್ಟೂ ಡೆಬಿಯನ್‌ನ ಸ್ವಂತ ಭಂಡಾರದಲ್ಲೇ (ಪ್ರೋಗ್ರಾಂಗಳನ್ನು ಇಳಿಸಿಕೊಳ್ಳುವ ಜಾಗ) ಸಿಗುತ್ತವೆ. ನನಗೆ ಬೇಕಾಗಿದ್ದುದು ಒಂದೇ: ಪ್ರೋಗ್ರಾಂನಲ್ಲಿ ಭದ್ರತೆಯ ತೂತು ಕಂಡಾಗ ಯಾರಾದರೂ ಬೇಗ ತೇಪೆ (ಪ್ಯಾಚ್) ಹಾಕಬೇಕು, ಆ ತೇಪೆ ನನ್ನ ಕಂಪ್ಯೂಟರಿಗೆ ಕಲಬೆರಕೆಯಾಗದೆ ಬರಬೇಕು.

ಹೊಸಬರು ಗಾಬರಿಯಾಗುವುದು ವರ್ಷನ್ ನಂಬರ್ ನೋಡಿ. ನಾನೂ ಆಗಿದ್ದೆ. 2024ರ ಜುಲೈ 1ರಂದು ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೊಡ್ಡ ತೂತು ಬಯಲಾಯಿತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ರೂಟ್ (ಕಂಪ್ಯೂಟರಿನ ಪೂರ್ತಿ ಯಜಮಾನ) ಆಗಬಹುದು ಅನ್ನುವಂಥದ್ದು. ಮೂಲ ತಂಡ 9.8ರಲ್ಲಿ ಸರಿಮಾಡಿತು. ನನ್ನ ಡೆಬಿಯನ್ 12ರಲ್ಲಿ ಇದ್ದದ್ದು 9.2. “ನಿನ್ನದು ಹಳೇದು ಅಲ್ವಾ, ಕೂಡಲೇ ತೆಗೆದು 9.8 ಹಾಕು” ಅಂತ ಗೆಳತಿ ಫೋನ್ ಮಾಡಿದಳು. ಪೂರ್ತಿ ನಂಬರ್ ತೆಗೆದು ನೋಡಿದೆ: 9.2ಪಿ1-2+ಡೆಬ್12ಯು3. ಕೊನೆಯ ಆ ಬಾಲದಲ್ಲೇ ಉತ್ತರ ಇತ್ತು: ಡೆಬಿಯನ್ 12ಕ್ಕೆ ಬಂದ ಮೂರನೇ ಅಪ್‌ಡೇಟ್ ಅಂತ. ಡೆಬಿಯನ್‌ನವರು 9.8ರಿಂದ ಆ ಒಂದು ತಿದ್ದುಪಡಿಯನ್ನಷ್ಟೇ ಬಿಡಿಸಿಕೊಂಡು, 9.2ಕ್ಕೆ ಹೊಲಿದು, ಅದೇ ದಿನ ಕಳಿಸಿದ್ದರು. ಮಿಕ್ಕಿದ್ದೆಲ್ಲ ಮೊದಲಿನಂತೆಯೇ ನಡೆಯಿತು. ಅನುಮಾನ ಬಂದರೆ ತೂತಿನ ಸಿವಿಇ ನಂಬರನ್ನು (ಪ್ರತಿ ತೂತಿಗೂ ಕೊಡುವ ಗುರುತಿನ ಸಂಖ್ಯೆ) ಡೆಬಿಯನ್‌ನ ಸೆಕ್ಯುರಿಟಿ ಟ್ರ್ಯಾಕರ್‌ನಲ್ಲಿ ಹುಡುಕಿ. ಯಾವ ಬಿಡುಗಡೆಯಲ್ಲಿ ಸರಿಯಾಗಿದೆ, ಯಾವುದರಲ್ಲಿ ಬಾಕಿ ಇದೆ ಎಂದು ಬಿಚ್ಚಿ ತೋರಿಸುತ್ತದೆ. ಫೈರ್‌ಫಾಕ್ಸ್ ಮಾತ್ರ ಬೇರೆ ಲೆಕ್ಕ. ಬ್ರೌಸರ್‌ಗೆ ಹೀಗೆ ಬಿಡಿ ತೇಪೆ ಹಾಕಿ ಮುಗಿಯುವುದಿಲ್ಲ, ಹಾಗಾಗಿ ಇಎಸ್‌ಆರ್ (ದೀರ್ಘಕಾಲ ಬೆಂಬಲವಿರುವ) ಸರಣಿಯ ಹೊಸ ಆವೃತ್ತಿಯನ್ನೇ ಕೊಡುತ್ತಾರೆ.

ಬರುವ ದಾರಿ ಸುರಕ್ಷಿತವೇ? ಭಂಡಾರದ ಪಟ್ಟಿಗೆ ಡೆಬಿಯನ್‌ನ ಡಿಜಿಟಲ್ ಸಹಿ ಇರುತ್ತದೆ. ಪ್ರತಿ ಪ್ಯಾಕೇಜಿನ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿದ, ಬೆರಳ ಗುರುತಿನಂಥ ಸಂಖ್ಯೆ) ಆ ಪಟ್ಟಿಗೆ ತಾಳೆಯಾಗಬೇಕು. ಪ್ಯಾಕೇಜ್ ಇಳಿಸಿ ಹಾಕುವ ಆಪ್ಟ್ ಈ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಮೊದಲ ಸಲ ಇಳಿಸುವ ಐಎಸ್‌ಒ ಫೈಲಿನ (ಡೆಬಿಯನ್ ಹಾಕಲು ಬಳಸುವ ಡಿಸ್ಕ್ ಫೈಲ್) ಹ್ಯಾಶನ್ನೂ, ಆ ಹ್ಯಾಶ್ ಪಟ್ಟಿಯ ಸಹಿಯನ್ನೂ ನಾವೇ ನೋಡಬೇಕು. ದಯವಿಟ್ಟು ಇದನ್ನು ಬಿಡಬೇಡಿ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಸೈಟಿಗೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಬದಲಿಸಿ, ಹಿಂಬಾಗಿಲಿಟ್ಟ ಐಎಸ್‌ಒ ಹಂಚಿದ್ದರು. ಸೈಟೇ ಕಳ್ಳರ ಕೈಲಿದ್ದಾಗ ಅಲ್ಲೇ ಬರೆದಿಟ್ಟ ಹ್ಯಾಶನ್ನು ನಂಬುವುದು ಹೇಗೆ? ಅದಕ್ಕೇ ಸಹಿ ಬೇಕು.

ಡೆಬಿಯನ್‌ನ ಎಲ್ಲ ತೇಪೆಯೂ ಚಿನ್ನ ಅಂತ ನಾನು ಹೇಳುವುದಿಲ್ಲ. 2006ರಲ್ಲಿ ಅವರೇ ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ಗೆ ಹಾಕಿದ ಒಂದು ತಿದ್ದುಪಡಿಯಿಂದ ಗೂಢಲಿಪಿಯ ಕೀಲಿಗಳು ಸುಲಭವಾಗಿ ಊಹಿಸುವಂತಾದವು. ಅದು ಬಯಲಾಗಿದ್ದು 2008ರ ಮೇ ತಿಂಗಳಲ್ಲಿ. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಒಳಗೆ ಹಿಂಬಾಗಿಲು ಸಿಕ್ಕಿತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಅದು ಗೊತ್ತಾಯಿತು. ಡೆಬಿಯನ್‌ನ ಇನ್ನೂ ಪರೀಕ್ಷೆಯಲ್ಲಿರುವ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್ ಶಾಖೆಗಳಿಗೆ ಹಿಂಬಾಗಿಲಿದ್ದ 5.6 ಬಂದುಬಿಟ್ಟಿತ್ತು. ಸ್ಟೇಬಲ್‌ನಲ್ಲಿ 5.4.1 ಇತ್ತು, ನಾವು ಪಾರಾದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಸದು ಬೇಕು ಅನ್ನುವ ಆಸೆ ಅವತ್ತಿನಿಂದ ಕಡಿಮೆಯಾಗಿದೆ.

ನಾನು ತಪ್ಪಿದ್ದು ಬೇರೆ ಕಡೆ. ಪಿಡಿಎಫ್ ಪುಟ ಜೋಡಿಸುವ ಒಂದು ಪ್ರೋಗ್ರಾಂನ ಹೊಸ ಆವೃತ್ತಿ ಬೇಕೆಂದು ಸೋರ್ಸ್ ಇಳಿಸಿ, ಕಂಪೈಲ್ ಮಾಡಿ, ರೂಟ್ ಆಗಿ ‘ಮೇಕ್ ಇನ್‌ಸ್ಟಾಲ್’ ಕೊಟ್ಟೆ. ಅದು ಯುಎಸ್‌ಆರ್ ಲೋಕಲ್ ಫೋಲ್ಡರಿನಲ್ಲಿ ಕೂತಿತು. ಆಪ್ಟ್‌ಗೆ ಅದು ಇರುವುದೇ ಗೊತ್ತಿಲ್ಲ. ಎರಡು ವರ್ಷ ಒಂದು ತೇಪೆಯೂ ಬೀಳದೆ, ಊರಿಂದ ಬಂದ ಎಲ್ಲ ಪಿಡಿಎಫ್‌ಗಳನ್ನೂ ತೆರೆಯುತ್ತಿದ್ದದ್ದು ಅದೇ! ಈಗ ಹೊಸ ಆವೃತ್ತಿ ಬೇಕಾದರೆ ಮೊದಲು ಡೆಬಿಯನ್ ಬ್ಯಾಕ್‌ಪೋರ್ಟ್ಸ್ (ಸ್ಟೇಬಲ್‌ಗೆ ಹೊಂದಿಸಿದ ಹೊಸ ಆವೃತ್ತಿಗಳ ಭಂಡಾರ) ನೋಡುತ್ತೇನೆ. ಅಲ್ಲಿ ಸಿಗದಿದ್ದರೆ ಹಳೇದರಲ್ಲೇ ಕೆಲಸ ಸಾಗಿಸುತ್ತೇನೆ. ಹೊರಗಿನ ಭಂಡಾರ ಸೇರಿಸಲೇಬೇಕಾದರೆ ಅದರ ಸಹಿ ಪರೀಕ್ಷಿಸುವ ಕೀಲಿಯನ್ನು ‘ಸೈನ್ಡ್-ಬೈ’ ಸಾಲಿನಿಂದ ಆ ಒಂದು ಭಂಡಾರಕ್ಕಷ್ಟೇ ಕಟ್ಟಿಹಾಕಿ. ಹಳೆಯ ಆಪ್ಟ್-ಕೀ ವಿಧಾನದಲ್ಲಿ ಒಂದು ಕೀಲಿ ಎಲ್ಲ ಬಾಗಿಲಿಗೂ ಹೊಂದುತ್ತಿತ್ತು. 13ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ.

ಅಪ್ಪನ ಲ್ಯಾಪ್‌ಟಾಪ್‌ಗೂ ಇದನ್ನೇ ಹಾಕಿಕೊಟ್ಟಿದ್ದೇನೆ. ಸೆಕ್ಯುರಿಟಿ ಅಪ್‌ಡೇಟ್‌ಗಳು ತಾವಾಗಿ ಬರಲಿ ಎಂದು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಇಟ್ಟಿದ್ದೇನೆ. ಆದರೆ ಅಪ್ಪ ಲ್ಯಾಪ್‌ಟಾಪ್ ಆಫ್ ಮಾಡುವುದೇ ಇಲ್ಲ, ಸುಮ್ನೆ ಮುಚ್ಚಿಡುತ್ತಾರೆ. ಡಿಸ್ಕ್‌ಗೆ ತೇಪೆ ಬಿದ್ದರೂ ಓಡುತ್ತಿರುವ ಪ್ರೋಗ್ರಾಂ ಹಳೆಯ ಲೈಬ್ರರಿಯನ್ನೇ ಹಿಡಿದಿರುತ್ತದೆ. ಹೊಸ ಕರ್ನಲ್ (ಸಿಸ್ಟಂನ ತಿರುಳು) ಅಂತೂ ರೀಬೂಟ್ ಆಗದೆ ಕೆಲಸಕ್ಕೇ ಬರುವುದಿಲ್ಲ. ‘ನೀಡ್‌ರಿಸ್ಟಾರ್ಟ್’ ಎಂಬ ಪ್ಯಾಕೇಜ್ ಇಂಥದ್ದನ್ನು ನೆನಪಿಸುತ್ತದೆ. ಡೆಸ್ಕ್‌ಟಾಪ್ ಬಳಸುವವರಿಗೆ ಇದನ್ನು ಇನ್ನಷ್ಟು ಎದ್ದು ಕಾಣುವ ಹಾಗೆ ಹೇಳಬೇಕಿತ್ತು. ಈಗ ಭಾನುವಾರ ಬೆಳಿಗ್ಗೆ ಅಪ್ಪನಿಗೆ ನಾನೇ ಫೋನ್ ಮಾಡಿ ರೀಬೂಟ್ ಮಾಡಿಸುತ್ತೇನೆ.

ಇನ್ನೊಂದು ಕಷ್ಟ ಮಲೆನಾಡಿನದು, ಕರೆಂಟು. 11ರಿಂದ 12ಕ್ಕೆ ಹೋಗುವಾಗ ಅಪ್ಪನ ಮನೆಯಲ್ಲಿ ಕರೆಂಟ್ ಹೋಯಿತು, ಬ್ಯಾಟರಿ ಮೊದಲೇ ಸತ್ತಿತ್ತು. ಅರ್ಧಕ್ಕೆ ನಿಂತ ಕೆಲಸವನ್ನು ‘ಡಿಪಿಕೆಜಿ ಕಾನ್ಫಿಗರ್’ ಆದೇಶ ಕೊಟ್ಟು ಮುಂದುವರಿಸಿದೆ. ಒಂದು ಫೈಲೂ ಹೋಗಲಿಲ್ಲ, ಆದರೆ ಎದೆ ಹೊಡೆದುಕೊಂಡಿದ್ದು ನಿಜ.

ಅವರದು ಇನ್ನೂ 12ರಲ್ಲೇ ಇದೆ. ಬ್ಯಾಟರಿ ಬದಲಿಸಿದ್ದಾಗಿದೆ. ಮುಂದಿನ ಸಲ ಊರಿಗೆ ಹೋದಾಗ ಬ್ಯಾಕಪ್ ತೆಗೆದು 13ಕ್ಕೆ ಏರಿಸುತ್ತೇನೆ.