200 ಲೀಟರ್ ಟ್ಯೂಬ್ ಸೋಲಾರ್: ಟ್ಯಾಂಕು ಪಾಸು, ಪೈಪು ಫೇಲು

ಇಪ್ಪತ್ತು ಕಪ್ಪು ಗಾಜಿನ ಟ್ಯೂಬು, ಅದರ ತಲೆಯ ಮೇಲೊಂದು ಉದ್ದನೆಯ ಟ್ಯಾಂಕು: ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಹೀಟರ್. ಬೆಂಗಳೂರು, ಮೈಸೂರು, ಹಾಸನದ ಯಾವ ಬಡಾವಣೆಯಲ್ಲಿ ತಲೆಯೆತ್ತಿದರೂ ಇದು ಕಾಣುತ್ತದೆ. ಇಲ್ಲಿ ತೂಗಿ ನೋಡುತ್ತಿರುವುದು ಒಂದು ಕಂಪನಿಯ ಮಾಲನ್ನಲ್ಲ. ಪ್ರೆಷರ್ ಪಂಪ್ ಇಲ್ಲದೆ ಓವರ್‌ಹೆಡ್ ಟ್ಯಾಂಕಿನ ನೀರಿನಿಂದಲೇ ನಡೆಯುವ ಈ ಮಾದರಿಯನ್ನು.

ಮೊದಲು ಲೆಕ್ಕ. ನಾಲ್ಕು ಜನರ ಮನೆಗೆ ದಿನಕ್ಕೆ 120 ಲೀಟರ್ ಬಿಸಿನೀರು ಬೇಕು, ನೀರು 30 ಡಿಗ್ರಿ ಬಿಸಿಯೇರಬೇಕು ಎಂದುಕೊಳ್ಳಿ. ಗೀಸರ್‌ನಲ್ಲಿ ಕಾಯಿಸಿದರೆ ಸುಮಾರು 4.2 ಯೂನಿಟ್. ವರ್ಷದಲ್ಲಿ 250 ದಿನ ಬಿಸಿಲೇ ಈ ಕೆಲಸ ಮಾಡಿದರೆ 1,050 ಯೂನಿಟ್ ಉಳಿಯಿತು. ನಮ್ಮ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಂದರೆ ವರ್ಷಕ್ಕೆ ಏಳುನೂರು ಕೆಜಿಗೂ ಮೇಲೆ. ಮನೆಯ ಟ್ಯೂಬ್‌ಲೈಟುಗಳನ್ನೆಲ್ಲ ಎಲ್‌ಇಡಿ ಮಾಡಿದರೂ ಇದರ ಹತ್ತಿರ ಸುಳಿಯುವುದಿಲ್ಲ. ಗೃಹಜ್ಯೋತಿಯಲ್ಲಿ ಕರೆಂಟು ಪುಕ್ಕಟೆ ಬರುವಾಗ ಇದೇಕೆ ಎನ್ನುವವರು ಒಂದು ಗಮನಿಸಬೇಕು: ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಆ ಗೆರೆ ದಾಟಿಸುವುದರಲ್ಲಿ ಗೀಸರ್ ಎತ್ತಿದ ಕೈ.

ಟ್ಯೂಬಿನ ಬಗ್ಗೆ ದೂರು ಹೇಳುವುದು ಕಷ್ಟ. 58 ಮಿ.ಮೀ. ದಪ್ಪ, 1,800 ಮಿ.ಮೀ. ಉದ್ದದ ಟ್ಯೂಬನ್ನೇ ಕೇಳಿ ಪಡೆಯಿರಿ, 47 ಮಿ.ಮೀ.ನ ಗಿಡ್ಡ ಟ್ಯೂಬನ್ನು ಅಷ್ಟೇ ಸಂಖ್ಯೆಯಲ್ಲಿ ಕೂರಿಸಿ 200 ಲೀಟರ್ ಎಂದು ಮಾರುವವರಿದ್ದಾರೆ. ಟ್ಯೂಬಿನ ತುದಿಯಲ್ಲಿರುವ ಬೆಳ್ಳಿಯ ಹೊಳಪು ಬೇರಿಯಂ ಲೇಪ. ಅದು ಹಾಲಿನಂತೆ ಬೆಳ್ಳಗಾದರೆ ಟ್ಯೂಬಿನ ಎರಡು ಪದರ ಗಾಜಿನ ನಡುವಿನ ನಿರ್ವಾತ ಹೋಯಿತು, ಆ ಟ್ಯೂಬು ಇನ್ನು ಬರೀ ಗಾಜು. ಹೊರಗಿನ ಗಾಜಷ್ಟೇ ಸೀಳಿದರೆ ನೀರು ಸೋರದು, ಒಳಗಿನದೂ ಒಡೆದರೆ ಟ್ಯಾಂಕಷ್ಟೂ ಖಾಲಿ. ಅಷ್ಟಕ್ಕೇ ನಿಲ್ಲದೆ ಓವರ್‌ಹೆಡ್ ಟ್ಯಾಂಕಿನ ನೀರೂ ಅದೇ ದಾರಿ ಹಿಡಿಯುತ್ತದೆ. ಅದಕ್ಕೇ ಸೋಲಾರಿಗೆ ತಣ್ಣೀರು ಬರುವ ಪೈಪಿಗೆ ಕೈಗೆಟುಕುವಂತೆ ಒಂದು ವಾಲ್ವ್ ಇರಲೇಬೇಕು. ಖಾಲಿ ಟ್ಯೂಬು ಬಿಸಿಲಲ್ಲಿ ಕಾದಿರುವಾಗ ನಡುಮಧ್ಯಾಹ್ನ ನೀರು ಬಿಟ್ಟರೆ ಗಾಜು ಪಟ್ ಎನ್ನುತ್ತದೆ. ಬೆಳಗಿನ ಜಾವ ತುಂಬಿಸಿ, ಆಗದಿದ್ದರೆ ಗೋಣಿಚೀಲ ಹೊದಿಸಿ, ಆರಿದ ಮೇಲೆ ತುಂಬಿಸಿ.

ಟ್ಯಾಂಕಿನ ಆಯ್ಕೆಯನ್ನು ನಿಮ್ಮ ನೀರು ನಿರ್ಧರಿಸುತ್ತದೆ. ಕಾವೇರಿ ನೀರಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಅದೇ ಸ್ಟೀಲು ಬೆಸುಗೆಯ ಹತ್ತಿರ ಸೂಜಿಮೊನೆಯಷ್ಟು ತೂತು ಬಿದ್ದು ಸೋರತೊಡಗುತ್ತದೆ. ಅಲ್ಲಿಗೆ ಒಳಗೆ ಎನಾಮೆಲ್ ಲೇಪಿಸಿದ, ಮೆಗ್ನೀಷಿಯಂ ಆನೋಡ್ ಕಡ್ಡಿ ಇರುವ ಟ್ಯಾಂಕೇ ಸರಿ. ಕಡ್ಡಿ ಟ್ಯಾಂಕಿನ ಬದಲು ತಾನು ಸವೆಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಒಳತಂತಿ ಕಂಡರೆ ಬದಲಿಸಿ. ಗಡಸು ನೀರಿನ ಸುಣ್ಣ ಟ್ಯೂಬಿನ ತಳಕ್ಕಿಳಿದು ಕೂರುತ್ತದೆ, ಟ್ಯೂಬು ಬಿಚ್ಚಿದರೆ ತೆಗೆಯಬಹುದು. ಟ್ಯೂಬಿನ ಬದಲು ಸಿಗುವ ಇನ್ನೊಂದು ಮಾದರಿ, ಐಎಸ್ 12933 ಎಂಬ ಭಾರತೀಯ ಮಾನಕದ ಗುರುತಿನ ಚಪ್ಪಟೆ ತಾಮ್ರದ ಪ್ಯಾನೆಲ್, ಹೆಚ್ಚು ಗಟ್ಟಿ, ಕೋತಿ ಹತ್ತಿದರೂ ಸುಲಭಕ್ಕೆ ಅಲುಗದು. ಆದರೆ ಅರ್ಧ ಇಂಚಿನ ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟಿದರೆ ಬಿಡಿಸುವುದು ದೊಡ್ಡ ರಗಳೆ. ಹಾಗಾಗಿ ಬೋರ್‌ವೆಲ್ ಮನೆಗೆ ಟ್ಯೂಬೇ ವಾಸಿ.

ಇನ್ನು ಫೇಲಾಗುವ ಭಾಗ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಒಂದಡಿಯಾದರೂ ಮೇಲಿರಬೇಕು, ಸೋಲಾರ್ ಟ್ಯಾಂಕಿನ ಗಾಳಿ, ಆವಿ ಆಡುವ ಏರ್‌ವೆಂಟ್ ಪೈಪು ತಣ್ಣೀರಿನ ಟ್ಯಾಂಕಿನ ಮೇಲಂಚನ್ನೂ ದಾಟಿ ನಿಲ್ಲಬೇಕು. ವೆಂಟಿನಿಂದ ನೀರು ತೊಟ್ಟಿಕ್ಕುತ್ತದೆಂದು ಪ್ಲಂಬರ್ ಅದಕ್ಕೆ ಕ್ಯಾಪ್ ಹಾಕಿದರೆ, ಆವಿಯ ಒತ್ತಡಕ್ಕೆ ಟ್ಯಾಂಕು ಉಬ್ಬುತ್ತದೆ, ನೀರು ಎಳೆಯುವಾಗ ಒಳಗೆ ಕುಗ್ಗುತ್ತದೆ. ಬಿಸಿನೀರಿಗೆ ಸಾದಾ ಪಿವಿಸಿ ಬೇಡವೇ ಬೇಡ. ಬಿಸಿನೀರಿಗೆಂದೇ ಬರುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು 93 ಡಿಗ್ರಿವರೆಗೆ ತಡೆಯುತ್ತದೆ. ಮನೆಯವರು ಊರಿಗೆ ಹೋಗಿ ನಾಲ್ಕು ದಿನ ನೀರು ಬಳಸದಿದ್ದರೆ ಏಪ್ರಿಲ್ ಬಿಸಿಲಿಗೆ ನೀರು ಅದರ ಹತ್ತಿರಕ್ಕೇ ಹೋಗಬಹುದು.

ಪೈಪಿನ ಗಾತ್ರವನ್ನು ಯಾರೂ ಕೇಳುವುದಿಲ್ಲ. ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ಕೆಳಮಹಡಿಯ ಬಚ್ಚಲಿಗೆ 15 ಮೀಟರ್ ಎಂದರೆ ನಾಲ್ಕು ಲೀಟರ್ ತಣ್ಣೀರು ಚೆಲ್ಲಿದ ಮೇಲೆ ಬಿಸಿನೀರು. ‘ಫೋರ್ಸ್ ಬರಲಿ’ ಎಂದು ಒಂದಿಂಚಿನದು ಎಳೆದರೆ ಆರೂವರೆ ಲೀಟರ್. ಬಿಸಿ ಬರುವಷ್ಟು ಹೊತ್ತು ಕಾಯಲಾರದೆ ಜನ ಮತ್ತೆ ಗೀಸರ್ ಸ್ವಿಚ್ ಒತ್ತುತ್ತಾರೆ. ಪೈಪಿಗೆ ಸುತ್ತುವ ಕರಿ ಫೋಮು ಬಿಸಿಲಿಗೆ ಪುಡಿಯಾಗುತ್ತದೆ, ಮೇಲೆ ಅಲ್ಯೂಮಿನಿಯಂ ಹೊದಿಕೆ ಹಾಕಿಸಿ.

ಬಚ್ಚಲಿನ ಮಿಕ್ಸರ್‌ಗೆ ತಣ್ಣೀರು ಪ್ರೆಷರ್ ಪಂಪಿನಿಂದಲೂ ಬಿಸಿನೀರು ಸೋಲಾರಿನಿಂದಲೂ ಬರುವಂತಿದ್ದರೆ, ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಪಂಪ್ ಇರುವ ಮನೆಗೆ ಈ ಮಾದರಿ ತರಬೇಡಿ, ಪ್ರೆಷರ್ ತಡೆಯುವ ಬೇರೆ ಟ್ಯಾಂಕು ಕೇಳಿ.

ಬಿಸಿಲಿಲ್ಲದ ದಿನಕ್ಕೆಂದು ಟ್ಯಾಂಕಿನೊಳಗೆ ಇಡುವ 2 ಕಿಲೋವ್ಯಾಟ್ ಕರೆಂಟಿನ ಕಾಯಿಲ್ ಇನ್ನೊಂದು ಕಳ್ಳ. ರಾತ್ರಿಯಿಡೀ ಆನ್ ಇದ್ದರೆ, ಸಂಜೆ ಬಳಸಿದ ನೀರಿನ ಬದಲು ಬಂದ ತಣ್ಣೀರನ್ನು ಬೆಳಗಾಗುವುದರೊಳಗೆ ಕರೆಂಟೇ ಕಾಯಿಸಿಬಿಟ್ಟಿರುತ್ತದೆ. ಬಿಸಿಲು ಬಂದಾಗ ಅದಕ್ಕೆ ಕೆಲಸವೇ ಇಲ್ಲ. ಮೋಡದ ದಿನ ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಾಕಿ, ಆರಿಸಿ. ಪಾತ್ರೆ, ಬಟ್ಟೆಗೆ ಬಿಸಿನೀರು ಬೇಕಿದ್ದರೆ ಮಧ್ಯಾಹ್ನದೊಳಗೆ ತೆಗೆಯಿರಿ. ಸಂಜೆಯೊಳಗೆ ಮತ್ತೆ ಕಾಯುತ್ತದೆ. ತೀರ್ಥಹಳ್ಳಿ, ಶಿರಸಿ ಕಡೆಯ ಜೂನ್–ಆಗಸ್ಟ್ ಮಳೆಯಲ್ಲಿ ಮಾತ್ರ ಅಡಿಕೆ ಸಿಪ್ಪೆಯ ಬಚ್ಚಲ ಒಲೆಗೇ ಗೆಲುವು.

ಜಾಗ ಆರಿಸುವಾಗ ದಕ್ಷಿಣದ ಗೋಡೆ ನೋಡಿ. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನ ಹತ್ತಡಿ ಗೋಡೆಯ ನೆರಳು ಸುಮಾರು ಏಳೂವರೆ ಅಡಿ ಬೀಳುತ್ತದೆ, ಬೆಳಿಗ್ಗೆ ಇನ್ನೂ ಉದ್ದ. ಬಿಸಿನೀರು ಹೆಚ್ಚು ಬೇಕಾದ ತಿಂಗಳಲ್ಲೇ ನೆರಳು ಹೆಚ್ಚು.

ಕೊನೆಯ ಕಂತು ಕೊಡುವ ಮುನ್ನ ಒಂದು ಬಕೆಟ್ ಹಿಡಿದು ಎಲ್ಲಕ್ಕಿಂತ ದೂರದ ನಲ್ಲಿ ತೆರೆಯಿರಿ. ಬಿಸಿ ಬರುವಷ್ಟರಲ್ಲಿ ಐದು ಲೀಟರಿಗಿಂತ ಹೆಚ್ಚು ಹರಿದರೆ, ಪೈಪ್ ಎಳೆದವರನ್ನು ಮತ್ತೆ ತಾರಸಿ ಹತ್ತಿಸಿ.