ಪೋಸ್ಟ್‌ಗ್ರೆಸ್: ಡಂಪ್ ಇಷ್ಟ, ಅಪ್‌ಗ್ರೇಡ್ ಕಷ್ಟ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಫೀಚರ್ ಲಿಸ್ಟ್ ಎಲ್ಲಾರೂ ನೋಡಿರ್ತೀರ, ಅದನ್ನ ಬಿಡಿ. ನಾನು ವರ್ಷಗಟ್ಟಲೆ ಪೋಸ್ಟ್‌ಗ್ರೆಸ್ ಬಿಡದೆ ಇರೋದಕ್ಕೆ ಮುಖ್ಯ ಕಾರಣ ಪಿಜಿ ಡಂಪ್, ಅಂದ್ರೆ ಡೇಟಾಬೇಸನ್ನ ಒಂದು ಫೈಲ್‌ಗೆ ಇಳಿಸಿಕೊಡೋ ಅದರದ್ದೇ ಟೂಲ್. ಇದಕ್ಕೆ ಮುಂಚೆ ನನ್ನ ಡೇಟಾ ಒಂದು ಕ್ಲೌಡ್ ಸರ್ವೀಸ್‌ನಲ್ಲಿತ್ತು, ಎಕ್ಸ್‌ಪೋರ್ಟ್ ಒತ್ತಿದ್ರೆ ಬರ್ತಿದ್ದಿದ್ದು ಬರೀ ಸಿಎಸ್‌ವಿ (ಕಾಮಾ ಹಾಕಿ ಬರೆದ ಸಾಲುಗಳ ಫೈಲ್), ಯಾವ ಟೇಬಲ್ ಯಾವುದಕ್ಕೆ ಸೇರಿದ್ದು ಅನ್ನೋದೇ ಅದರಲ್ಲಿ ಇರ್ತಿರ್ಲಿಲ್ಲ, ಡೇಟಾ ನಂದೇ ಆದ್ರೂ ಇನ್ನೊಂದು ಕಡೆ ಎತ್ತಿ ನಿಲ್ಸೋಕೆ ಆಗ್ತಿರ್ಲಿಲ್ಲ.

ಈಗ ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ತಾನೇ ಓಡಿಸೋ ಟೂಲ್) ಡಂಪ್ ಓಡುತ್ತೆ, ಬೆಳಿಗ್ಗೆ ಮೊದ್ಲು ಆ ಫೈಲ್ ತೆಗೆದು ನೋಡ್ತೀನಿ. ಬರೀ ಟೆಕ್ಸ್ಟ್, ಯಾವ ಎಡಿಟರ್‌ನಲ್ಲಾದ್ರೂ ಓದಬಹುದು. ಮೇಲೆ ಕ್ರಿಯೇಟ್ ಟೇಬಲ್‌ಗಳು, ಆಮೇಲೆ ಕಾಪಿ ಅನ್ನೋ ಸಾಲು, ಅದರ ಕೆಳಗೆ ಟ್ಯಾಬ್ ಹಾಕಿ ಜೋಡಿಸಿರೋ ನನ್ನ ರೋಗಳು, ನಲ್ (ಅಂದ್ರೆ ಏನೂ ತುಂಬದ ಜಾಗ) ಇರೋ ಕಡೆ ಬ್ಯಾಕ್‌ಸ್ಲ್ಯಾಶ್ ಎನ್, ಡೇಟಾ ಮುಗಿದ್ಮೇಲೆ ಬೇಗ ಹುಡುಕೋಕೆ ಇರೋ ಇಂಡೆಕ್ಸು, ಟೇಬಲ್‌ಗಳನ್ನ ಒಂದಕ್ಕೊಂದು ಜೋಡಿಸೋ ಫಾರಿನ್ ಕೀ. ಕೊನೆಗೆ ಡಂಪ್ ಕಂಪ್ಲೀಟ್ ಅನ್ನೋ ಕಾಮೆಂಟ್ ಕಂಡ್ರೆ ಮನಸ್ಸಿಗೆ ಸಮಾಧಾನ. ಆ ಹೊತ್ತಲ್ಲಿ ಆ್ಯಪ್ ಏನೇ ಬರೀತಿದ್ರೂ ಡಂಪ್‌ಗೆ ಬರೋದು ಶುರುವಾದ ಕ್ಷಣದ ಸ್ನ್ಯಾಪ್‌ಶಾಟ್, ಅದಕ್ಕೋಸ್ಕರ ಏನನ್ನೂ ನಿಲ್ಲಿಸಬೇಕಾಗಿಲ್ಲ. ವಾರಕ್ಕೊಂದ್ಸಲ ಅದನ್ನ ಖಾಲಿ ಡೇಟಾಬೇಸ್‌ಗೆ ರಿಸ್ಟೋರ್ ಮಾಡಿ ಕೌಂಟ್ ಹೊಡೆದು ನೋಡ್ತೀನಿ, ರಿಸ್ಟೋರ್ ಆಗದಿರೋ ಬ್ಯಾಕಪ್‌ನ ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ತಗೊಳ್ಳಲ್ಲ.

ಸಿಟ್ಟು ಬರೋ ವಿಷ್ಯನೂ ಇದೆ. ಪಿಜಿ ಡಂಪ್ ರೋಲ್‌ಗಳನ್ನ ತರೋದೇ ಇಲ್ಲ, ಯೂಸರ್, ಪಾಸ್‌ವರ್ಡ್ ಬೇಕಂದ್ರೆ ಪಿಜಿ ಡಂಪ್‌ಆಲ್ ಬೇರೆ ಓಡಿಸ್ಬೇಕು. ಇನ್ನು ಅಪ್‌ಗ್ರೇಡ್! ಮೇಜರ್ ವರ್ಷನ್ ವರ್ಷಕ್ಕೊಂದು ಬರುತ್ತೆ, ಒಂದೊಂದಕ್ಕೆ 5 ವರ್ಷ ಸಪೋರ್ಟು, ಆದ್ರೆ ಹಳೇ ಡೇಟಾ ಡೈರೆಕ್ಟರಿ ಮೇಲೆ ಹೊಸ ಸರ್ವರ್ ಏಳಲ್ಲ. ಪಿಜಿ ಅಪ್‌ಗ್ರೇಡ್ ಅನ್ನೋ ಟೂಲ್ ಲಿಂಕ್ ಮೋಡ್‌ನಲ್ಲಿ, ಅಂದ್ರೆ ಫೈಲ್ ಕಾಪಿ ಮಾಡದೆ ಹಳೇದನ್ನೇ ಬಳಸಿ, ಬೇಗ ಮುಗಿಸುತ್ತೆ ನಿಜ, ಆದ್ರೆ ಹೊಸ ಸರ್ವರ್ ಒಂದ್ಸಲ ಸ್ಟಾರ್ಟ್ ಆದ್ರೆ ಹಳೇದಕ್ಕೆ ವಾಪಸ್ ಬರೋ ದಾರಿ ಮುಚ್ಚಿತು. ಸಾಲದು ಅಂತ ಪ್ಲಾನರ್ ಸ್ಟ್ಯಾಟಿಸ್ಟಿಕ್ಸ್ (ಕ್ವೆರಿ ಹೇಗೆ ಓಡಿಸ್ಬೇಕು ಅಂತ ತೀರ್ಮಾನಿಸೋಕೆ ಬೇಕಾದ ಲೆಕ್ಕ) ಎಲ್ಲಾ ಹೋಗಿರ್ತಿತ್ತು, ಅದನ್ನ ಮತ್ತೆ ಕಟ್ಟೋ ಅನಲೈಸ್ ಮುಗಿಯೋ ತನಕ ಕ್ವೆರಿಗಳು ತೆವಳ್ತಿದ್ವು. 2025ರ 18ನೇ ವರ್ಷನ್‌ನಲ್ಲಿ ಅದರ ಬಹುಪಾಲು ಜೊತೆಗೇ ಬರುತ್ತೆ, ಅಲ್ಲಿಂದ ನನ್ನ ಸಿಟ್ಟು ಅರ್ಧ ಇಳೀತು.

ಮತ್ತೊಂದು ಧೈರ್ಯ ಲೈಸೆನ್ಸು. 2018ರಲ್ಲಿ ಮಾಂಗೋಡಿಬಿ, 2024ರಲ್ಲಿ ರೆಡಿಸ್ ಅನ್ನೋ ಬೇರೆ ಡೇಟಾಬೇಸ್‌ಗಳು ಲೈಸೆನ್ಸ್ ಬದಲಾಯಿಸಿದಾಗ ನಂಬಿಕೊಂಡಿದ್ದೋರು ಎಷ್ಟು ಪೇಚಾಡಿದ್ರು. ಪೋಸ್ಟ್‌ಗ್ರೆಸ್ ಒಂದೇ ಕಂಪನಿ ಕೈಲಿಲ್ಲ, ಹಾಗಾಗಿ ಆ ಭಯ ನಂಗಿಲ್ಲ. ನನ್ನಂಗೆ ಒಂದು ಸಣ್ಣ ಸರ್ವರ್‌ನಲ್ಲಿ ಖರ್ಚು ಹಿಡಿದು ನಡೆಸೋರಿಗೆ ಧಾರಾಳವಾಗಿ ಸಾಕು. ನೋಡ್ಕೊಳ್ಳೋಕೆ ಟೈಮ್ ಇಲ್ದೆ ಹೋಸ್ಟಿಂಗ್‌ನೋರಿಗೆ ಕೊಡ್ತೀರಾದ್ರೆ, ದುಡ್ಡು ಕಟ್ಟೋ ಮುಂಚೆನೇ ನಿಮ್ಮ ಮಷೀನ್‌ನಿಂದ ಡಂಪ್ ತೆಗೆಯೋಕೆ ಬಿಡ್ತಾರಾ ಅಂತ ಓಡಿಸಿ ನೋಡಿ, ಬಿಡ್ಲಿಲ್ಲ ಅಂದ್ರೆ ಬೇಡ.